ಮಾತಾಡಿದ್ದು ಯಾರಿಗೂ ಕೇಳಿಸಲಿಲ್ಲ: ಆಮ್‌ಸ್ಟರ್‌ಡ್ಯಾಮಿನ ಒಂದು ಶ್ಯಾಡೋಬ್ಯಾನ್ ಪ್ರಕರಣ

ಖಾತೆ ಹಾಗೇ ಇತ್ತು. ಲಾಗಿನ್ ಆಗುತ್ತಿತ್ತು, ಬರೆದರೆ ಪೋಸ್ಟ್ ಆಗುತ್ತಿತ್ತು. ಎಚ್ಚರಿಕೆಯ ಇಮೇಲ್ ಬಂದಿರಲಿಲ್ಲ, ಪರದೆಯ ಮೇಲೆ ಕೆಂಪು ಪಟ್ಟಿಯೂ ಇರಲಿಲ್ಲ. ಆದರೆ 2023ರ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸಿನ ಡ್ಯಾನಿ ಮೆಕಿಚ್ ಅವರಿಗೆ ಬೇರೆಯವರಿಂದ ಒಂದು ವಿಷಯ ತಿಳಿಯಿತು. ಹಿಂದೆ ಟ್ವಿಟರ್ ಎಂದು ಕರೆಯುತ್ತಿದ್ದ ಎಕ್ಸ್‌ನಲ್ಲಿ ಅವರ ಹೆಸರು ಟೈಪ್ ಮಾಡಿದರೆ ಹುಡುಕುವ ಪೆಟ್ಟಿಗೆಯ ಕೆಳಗೆ ಅವರ ಖಾತೆ ಬರುತ್ತಿರಲಿಲ್ಲ. ಅವರು ಇನ್ನೊಬ್ಬರ ಪೋಸ್ಟಿಗೆ ಕೊಟ್ಟ ಉತ್ತರಗಳು ಉಳಿದವರಿಗೆ ಕಾಣುತ್ತಿರಲಿಲ್ಲ. ಅವರ ಫೋನಿನಲ್ಲಿ ಮಾತ್ರ ಎಲ್ಲವೂ ಇದ್ದಲ್ಲೇ ಇತ್ತು.

ಇದಕ್ಕೆ ಜನ ಇಟ್ಟ ಹೆಸರು ಶ್ಯಾಡೋಬ್ಯಾನ್. ನಮ್ಮ ಕಡೆ ಇದನ್ನು 'ರೀಚ್ ಬಿದ್ದೋಗಿದೆ' ಅನ್ನುವ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ರೀಚ್ ಅಂದರೆ ಪೋಸ್ಟ್ ಎಷ್ಟು ಜನರನ್ನು ತಲುಪುತ್ತದೆ ಎನ್ನುವುದು. ರೀಚ್ ಬೀಳುವುದಕ್ಕೆ ನೂರು ಕಾರಣ ಇರಬಹುದು, ಅದರಲ್ಲಿ ತೊಂಬತ್ತಕ್ಕೆ ಯಾರ ಕೈವಾಡವೂ ಇರುವುದಿಲ್ಲ. ಮೆಕಿಚ್ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದುವುದು ಅದಕ್ಕೇ. ಇಲ್ಲಿ ಅನುಮಾನ ಅನುಮಾನವಾಗಿಯೇ ಉಳಿಯಲಿಲ್ಲ. ಹೌದು, ನಿರ್ಬಂಧ ಹಾಕಿದ್ದೆವು ಎಂದು ಕಂಪನಿಯೇ ನ್ಯಾಯಾಲಯದ ಮುಂದೆ ಹೇಳಬೇಕಾಯಿತು. ಯಾಕೆ ಹಾಕಿದಿರಿ, ಯಾಕೆ ಹೇಳಲಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ಸಾಮಾಜಿಕ ಜಾಲತಾಣದ ಒಳಗೋಡೆಯೊಂದನ್ನು ಒಬ್ಬ ಸಾಮಾನ್ಯ ಬಳಕೆದಾರ ಇಷ್ಟು ಹತ್ತಿರದಿಂದ ನೋಡಿದ್ದು ಅಪರೂಪ.

ಮೆಕಿಚ್ ಕಾನೂನು ಮತ್ತು ತಂತ್ರಜ್ಞಾನ ಎರಡೂ ಬಲ್ಲವರು, ಆಗ ಪಿಎಚ್‌ಡಿ ಸಂಶೋಧಕರು. ಎಕ್ಸ್ ಅವರಿಗೆ ಕೆಲಸದ ಜಾಗ. ಪತ್ರಕರ್ತರು, ರಾಜಕಾರಣಿಗಳು, ಇತರ ಸಂಶೋಧಕರು ಅವರನ್ನು ಅಲ್ಲೇ ಕಾಣುತ್ತಿದ್ದರು. ಹಣ ಕೊಟ್ಟು ಪ್ರೀಮಿಯಂ ಸೇವೆಯನ್ನೂ ತೆಗೆದುಕೊಂಡಿದ್ದರು. ಈ ಎರಡು ಸಂಗತಿಗಳು ಮುಂದೆ ನ್ಯಾಯಾಲಯದಲ್ಲಿ ತೂಕಕ್ಕೆ ಬಂದವು.

ಆ ಅಕ್ಟೋಬರ್‌ನಲ್ಲಿ ಅವರು ಯಾವುದರ ಬಗ್ಗೆ ಬರೆಯುತ್ತಿದ್ದರು ಎನ್ನುವುದು ಮುಖ್ಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಆನ್‌ಲೈನ್‌ನಲ್ಲಿ ಹರಡುವುದನ್ನು ತಡೆಯಲು ಯುರೋಪಿಯನ್ ಒಕ್ಕೂಟದ ಆಡಳಿತ ಅಂಗವಾದ ಯುರೋಪಿಯನ್ ಕಮಿಷನ್ 2022ರ ಮೇ ತಿಂಗಳಲ್ಲಿ ಒಂದು ಕಾನೂನಿನ ಪ್ರಸ್ತಾವ ಮಂಡಿಸಿತ್ತು. ಉದ್ದೇಶ ಒಳ್ಳೆಯದೇ. ಆದರೆ ಜನರ ಖಾಸಗಿ ಸಂದೇಶಗಳನ್ನು ಯಂತ್ರದಿಂದ ಜಾಲಾಡಿಸಲು ಅದು ದಾರಿ ಮಾಡಿಕೊಡುತ್ತದೆ ಎಂದು ಖಾಸಗಿತನದ ಪರವಾಗಿ ಕೆಲಸ ಮಾಡುವವರು ವಿರೋಧಿಸಿದರು. 'ಚಾಟ್ ಕಂಟ್ರೋಲ್' ಎಂಬ ಅಡ್ಡಹೆಸರೂ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಕಮಿಷನ್ ಈ ಪ್ರಸ್ತಾವದ ಪರವಾಗಿ ನೆದರ್ಲೆಂಡ್ಸ್ ಸೇರಿದಂತೆ ಕೆಲವು ದೇಶಗಳಲ್ಲಿ ಎಕ್ಸ್‌ನಲ್ಲೇ ಜಾಹೀರಾತು ಓಡಿಸಿತು. ಆ ಜಾಹೀರಾತು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎನ್ನುವುದನ್ನು ಜನರ ರಾಜಕೀಯ ಮತ್ತು ಧಾರ್ಮಿಕ ಆಸಕ್ತಿಗಳ ಮೇಲೆ ಗೊತ್ತುಮಾಡಿದ್ದಾರೆ ಎಂದು ಪತ್ತೆಹಚ್ಚಿ 'ದ ಫೋಕ್ಸ್‌ಕ್ರಾಂಟ್' ಪತ್ರಿಕೆಯಲ್ಲಿ ಬರೆದವರು ಇದೇ ಮೆಕಿಚ್. ಅವರು ಹೇಳಿದ್ದು ಬರೀ ಗಾಳಿಮಾತಾಗಿರಲಿಲ್ಲ. ಆ ಜಾಹೀರಾತಿನಲ್ಲಿ ಕಮಿಷನ್ ದತ್ತಾಂಶ ರಕ್ಷಣೆಯ ನಿಯಮ ಮೀರಿದೆ ಎಂದು 2024ರ ಡಿಸೆಂಬರ್‌ನಲ್ಲಿ ಯುರೋಪಿನ ದತ್ತಾಂಶ ಮೇಲ್ವಿಚಾರಕರೇ ತೀರ್ಮಾನಿಸಿ ಛೀಮಾರಿ ಹಾಕಿದರು.

ಇದೇ ಚರ್ಚೆ ಕಾವೇರಿದ್ದ ದಿನಗಳಲ್ಲಿ ಖಾತೆ ಮರೆಯಾಯಿತು. ಅವರ ಜಾಗದಲ್ಲಿ ನಾವು ಯಾರೇ ಇದ್ದರೂ ಇದು ಬೇಕಂತಲೇ ಬಾಯಿ ಮುಚ್ಚಿಸುವ ಕೆಲಸ ಎಂದೇ ತಿಳಿಯುತ್ತಿದ್ದೆವು. ಕಂಪನಿ ಆಮೇಲೆ ಕೊಟ್ಟ ವಿವರಣೆ ಬೇರೆ. ಆ ಪ್ರಸ್ತಾವವನ್ನು ಟೀಕಿಸುವ ಸುದ್ದಿ ಲೇಖನವೊಂದನ್ನು ಅವರು ಹಂಚಿಕೊಂಡಿದ್ದರು. ಅದನ್ನು ಮಕ್ಕಳ ದೌರ್ಜನ್ಯಕ್ಕೆ ಸಂಬಂಧಪಟ್ಟ ವಸ್ತು ಎಂದು ಸ್ವಯಂಚಾಲಿತ ವ್ಯವಸ್ಥೆ ಗುರುತುಹಾಕಿತ್ತಂತೆ. ಅಂದರೆ, ಮಕ್ಕಳ ರಕ್ಷಣೆಯ ಕಾನೂನು ಹೇಗಿರಬೇಕು ಎಂದು ಚರ್ಚಿಸಿದವನನ್ನೂ ಮಕ್ಕಳಿಗೆ ಕೇಡು ಬಗೆಯುವವನನ್ನೂ ಯಂತ್ರ ಒಂದೇ ಬುಟ್ಟಿಗೆ ಹಾಕಿತು. ಪದ ಕಂಡಿತು, ವಿಷಯ ಕಾಣಲಿಲ್ಲ. ಮರುಪರಿಶೀಲನೆಯಲ್ಲಿ ಅದು ತಪ್ಪು ಎಂದು ಗೊತ್ತಾಗಿ 2024ರ ಜನವರಿಯಲ್ಲಿ ನಿರ್ಬಂಧ ತೆಗೆದರು. ಆ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಇಲ್ಲಿ ಸ್ವಲ್ಪ ನಿಂತು, 'ರೀಚ್ ತಡೆ' ಎಂಬ ಮಾತಿನ ಒಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ಒಂದು, ಹುಡುಕುವಾಗ ಹೆಸರು ಸೂಚನೆಯಲ್ಲಿ ಬಾರದಿರುವುದು. ಪೂರ್ತಿ ಹೆಸರು ಗೊತ್ತಿದ್ದವರು ಹೇಗೋ ತಲುಪಬಹುದು, ಅರ್ಧ ನೆನಪಿದ್ದವರಿಗೆ ಸಿಗುವುದಿಲ್ಲ. ಎರಡು, ಹುಡುಕಾಟದ ಫಲಿತಾಂಶದಿಂದಲೇ ಪೋಸ್ಟುಗಳು ಬಿದ್ದುಹೋಗುವುದು. ಮೂರು, ಉತ್ತರಗಳು ಬೇರೆಯವರಿಗೆ ಕಾಣದಿರುವುದು, ಅಥವಾ 'ಇನ್ನಷ್ಟು ಉತ್ತರ ತೋರಿಸು' ಎಂಬ ಗುಂಡಿಯ ಹಿಂದೆ ಹೋಗಿ ಕೂರುವುದು. ಆ ಗುಂಡಿಯನ್ನು ಎಷ್ಟು ಜನ ಒತ್ತುತ್ತಾರೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮ: ಹಿಂಬಾಲಕರಿಗೆ ಪೋಸ್ಟ್ ಹೋಗುತ್ತದೆ, ಹೊಸಬರಿಗೆ ಶಿಫಾರಸಾಗುವುದಿಲ್ಲ. ಬೆಳೆಯುವ ಖಾತೆಯ ಉಸಿರಿರುವುದೇ ಆ ಶಿಫಾರಸಿನಲ್ಲಿ. ಮೆಕಿಚ್ ಅವರಿಗೆ ತಗುಲಿದ್ದು ಮೊದಲನೆಯದು ಮತ್ತು ಮೂರನೆಯದು.

ಶ್ಯಾಡೋಬ್ಯಾನ್ ಮಾಡುತ್ತೀರಾ ಎಂದು ಕೇಳಿದಾಗಲೆಲ್ಲ ಕಂಪನಿಗಳು ಪದದ ಅರ್ಥವನ್ನು ಕಿರಿದು ಮಾಡಿ ತಪ್ಪಿಸಿಕೊಂಡಿವೆ. 2018ರ ಜುಲೈನಲ್ಲಿ ಟ್ವಿಟರ್ ಒಂದು ಹೇಳಿಕೆ ಕೊಟ್ಟಿತು: ನಾವು ಶ್ಯಾಡೋಬ್ಯಾನ್ ಮಾಡುವುದಿಲ್ಲ, ನೀವು ಹಿಂಬಾಲಿಸುವವರ ಪೋಸ್ಟುಗಳನ್ನು ಯಾವಾಗ ಬೇಕಾದರೂ ನೋಡಬಹುದು, ಅವರ ಪ್ರೊಫೈಲಿಗೆ ಹೋಗಿಯಾದರೂ ನೋಡಬಹುದು. ಅದೇ ಹೇಳಿಕೆಯಲ್ಲಿ, ಪೋಸ್ಟುಗಳನ್ನೂ ಹುಡುಕಾಟದ ಫಲಿತಾಂಶವನ್ನೂ ಶ್ರೇಣಿಯಲ್ಲಿ ಮೇಲೆ ಕೆಳಗೆ ಮಾಡುತ್ತೇವೆ ಎಂದೂ ಇತ್ತು. 2022ರ ಡಿಸೆಂಬರ್‌ನಲ್ಲಿ ಹೊರಬಂದ 'ಟ್ವಿಟರ್ ಫೈಲ್ಸ್' ಎಂಬ ಕಂಪನಿಯ ಒಳಗಿನ ದಾಖಲೆಗಳಲ್ಲಿ ಇದಕ್ಕೆ ಒಳಗಿನವರು ಕರೆಯುತ್ತಿದ್ದ ಹೆಸರು ಸಿಕ್ಕಿತು: 'ವಿಸಿಬಿಲಿಟಿ ಫಿಲ್ಟರಿಂಗ್', ಅಂದರೆ ಕಾಣುವಿಕೆಯನ್ನು ಸೋಸುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಗ ಪ್ರಾಧ್ಯಾಪಕರಾಗಿದ್ದ ಜಯ್ ಭಟ್ಟಾಚಾರ್ಯ ಅವರ ಖಾತೆಗೆ, ಟ್ರೆಂಡಿಂಗ್ ಪಟ್ಟಿಯಲ್ಲಿ ಬಾರದಂತೆ ತಡೆಯುವ 'ಟ್ರೆಂಡ್ಸ್ ಬ್ಲ್ಯಾಕ್‌ಲಿಸ್ಟ್' ಎಂಬ ಚೀಟಿ ಅಂಟಿಸಿದ್ದ ಚಿತ್ರವೂ ಹೊರಬಂತು. ನಿಮ್ಮ ಖಾತೆಯ ನಿಜವಾದ ಸ್ಥಿತಿಯನ್ನು ನಿಮಗೇ ತೋರಿಸುವ ವ್ಯವಸ್ಥೆ ಮಾಡುತ್ತೇವೆ ಎಂದು ಹೊಸ ಮಾಲೀಕ ಎಲಾನ್ ಮಸ್ಕ್ ಆಗ ಬಹಿರಂಗವಾಗಿ ಹೇಳಿದ್ದರು. ಮೆಕಿಚ್ ಖಾತೆ ಮರೆಯಾದದ್ದು ಆ ಮಾತು ಬಂದು ಹತ್ತು ತಿಂಗಳ ಮೇಲೆ.

ಸರಿ, ಮೆಕಿಚ್ ಏನು ಮಾಡಿದರು? ಮೊದಲು ನಾವೆಲ್ಲ ಮಾಡುವುದನ್ನೇ ಮಾಡಿದರು, ಸಹಾಯ ವಿಭಾಗಕ್ಕೆ ಬರೆದರು. ಬಂದದ್ದು ಯಾರಿಗೆ ಬೇಕಾದರೂ ಕಳಿಸಬಹುದಾದ ಸಿದ್ಧ ಉತ್ತರ. ಮತ್ತೆ ಬರೆದರು. ಯಾವ ಪೋಸ್ಟು, ಯಾವ ನಿಯಮ, ಯಂತ್ರ ತೀರ್ಮಾನಿಸಿತೋ ಮನುಷ್ಯರೋ, ಯಾವುದಕ್ಕೂ ನೇರವಾದ ಉತ್ತರವಿಲ್ಲ. ಈ ಹಂತದಲ್ಲೇ ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಕೈಬಿಟ್ಟು ಹೊಸ ಖಾತೆ ತೆರೆಯುತ್ತಾರೆ. ಅವರು ಕೈಬಿಡಲಿಲ್ಲ, ಬರೆದದ್ದನ್ನೂ ಬಂದದ್ದನ್ನೂ ತಾರೀಖಿನ ಸಮೇತ ಇಟ್ಟುಕೊಂಡರು.

ಆಮೇಲೆ ಎರಡು ಬೇರೆ ಬೇರೆ ದಾರಿ ಹಿಡಿದರು. ಒಂದು, ಯುರೋಪಿನ ಸಣ್ಣ ಮೊತ್ತದ ದಾವೆಗಳ ವಿಧಾನ. 5,000 ಯೂರೋವರೆಗಿನ, ಎರಡು ದೇಶಗಳ ನಡುವಿನ ವ್ಯಾಜ್ಯಗಳಿಗೆ ಇರುವ ಏರ್ಪಾಡು ಅದು. ನಮೂನೆ ತುಂಬಿ ಕೊಟ್ಟರೆ ಸಾಕು, ವಕೀಲರು ಇರಲೇಬೇಕೆಂದಿಲ್ಲ. ಎಕ್ಸ್‌ನ ಯುರೋಪಿನ ಕಂಪನಿ ಇರುವುದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಮೆಕಿಚ್ ಇರುವುದು ನೆದರ್ಲೆಂಡ್ಸಿನಲ್ಲಿ, ಹಾಗಾಗಿ ಈ ದಾರಿ ತೆರೆದಿತ್ತು. ಎರಡನೆಯದು, ನನ್ನ ಬಗ್ಗೆ ನಿಮ್ಮಲ್ಲಿರುವ ಮಾಹಿತಿ ಕೊಡಿ, ಯಂತ್ರ ನನ್ನ ಮೇಲೆ ತೆಗೆದುಕೊಂಡ ತೀರ್ಮಾನದ ತರ್ಕ ಹೇಳಿ ಎಂದು ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್ ಅಡಿಯಲ್ಲಿ ಹಾಕಿದ ಅರ್ಜಿ.

ಮೊದಲನೆಯ ದಾವೆಗೆ ಬೆನ್ನೆಲುಬಾದದ್ದು ಡಿಜಿಟಲ್ ಸರ್ವಿಸಸ್ ಆಕ್ಟ್ ಎಂಬ ಯುರೋಪಿಯನ್ ಒಕ್ಕೂಟದ 2022ರ ಕಾನೂನು. ಅತಿ ದೊಡ್ಡ ಜಾಲತಾಣಗಳಿಗೆ ಅದು ಅನ್ವಯವಾಗತೊಡಗಿದ್ದು 2023ರ ಆಗಸ್ಟ್ ಕೊನೆಗೆ. ಮೆಕಿಚ್ ಮೇಲೆ ನಿರ್ಬಂಧ ಬೀಳುವ ಹೊತ್ತಿಗೆ ಕಾನೂನಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಅದರ 17ನೇ ವಿಧಿ ಹೇಳುವುದು ಇಷ್ಟು: ಬಳಕೆದಾರನ ಪೋಸ್ಟ್ ತೆಗೆದರೂ ಸರಿ, ಕಾಣುವಿಕೆ ತಗ್ಗಿಸಿದರೂ ಸರಿ, ಖಾತೆ ಅಮಾನತು ಮಾಡಿದರೂ ಸರಿ, ಸ್ಪಷ್ಟವಾದ, ನಿರ್ದಿಷ್ಟವಾದ ಕಾರಣ ಕೊಡಬೇಕು. ಯಾವ ಸಂಗತಿಯ ಮೇಲೆ ತೀರ್ಮಾನಿಸಿದಿರಿ, ಯಂತ್ರ ಬಳಸಿದಿರಾ, ಯಾವ ಕಾನೂನು ಅಥವಾ ಯಾವ ಷರತ್ತು, ಪ್ರಶ್ನಿಸುವ ದಾರಿ ಯಾವುದು, ಎಲ್ಲವೂ ಅದರಲ್ಲಿ ಇರಬೇಕು. ಶ್ಯಾಡೋಬ್ಯಾನ್ ಎಂಬ ಪದವನ್ನೇ ಆ ಕಾನೂನಿನ ಪೀಠಿಕೆಯಲ್ಲಿ ಬಳಸಿದ್ದಾರೆ, ಬಳಕೆದಾರನಿಗೆ ಗೊತ್ತಾಗದಂತೆ ಅವನನ್ನು ತಡೆಯುವುದು ಎಂಬ ಅರ್ಥದಲ್ಲಿ. ಕಂಪನಿಗಳು ಇಲ್ಲವೆನ್ನುತ್ತಿದ್ದ ವಸ್ತುವಿಗೆ ಕಾನೂನು ಹೆಸರಿಟ್ಟು ಕೂರಿಸಿತು. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಹೆಸರಿಲ್ಲದ ಅನ್ಯಾಯದ ಮೇಲೆ ಯಾರೂ ದೂರು ಬರೆಯಲಾರರು.

12ನೇ ವಿಧಿ ಇನ್ನೂ ಸರಳ. ಬಳಕೆದಾರರು ನೇರವಾಗಿ ಸಂಪರ್ಕಿಸಲು ಒಂದು ಜಾಗ ಇರಬೇಕು, ಅದು ಬರೀ ಯಂತ್ರದ ಉತ್ತರ ಕೊಡುವ ಜಾಗ ಆಗಿರಕೂಡದು.

ಎಕ್ಸ್ ವಾದವನ್ನು ನ್ಯಾಯವಾಗಿ ಮುಂದಿಡಬೇಕು, ಯಾಕೆಂದರೆ ನಾಳೆ ನಮಗೂ ಇದೇ ವಾದ ಎದುರಾಗುತ್ತದೆ. ಸೇವೆ ನಿಂತಿರಲಿಲ್ಲ, ಅವರು ಪೋಸ್ಟ್ ಮಾಡಬಹುದಿತ್ತು, ಓದಬಹುದಿತ್ತು, ಹಾಗಾಗಿ ಒಪ್ಪಂದ ಮುರಿದಿಲ್ಲ ಎಂಬುದು ಒಂದು. ಯಾರ ಖಾತೆಗಾದರೂ ಯಾವಾಗ ಬೇಕಾದರೂ ಮಿತಿ ಹಾಕುವ ಹಕ್ಕು ನಮಗಿದೆ ಎಂದು ಬಳಕೆಯ ಷರತ್ತಿನಲ್ಲೇ ಬರೆದಿದ್ದೇವೆ, ಅವರು ಒಪ್ಪಿಯೇ ಸೇರಿದ್ದಾರೆ ಎಂಬುದು ಇನ್ನೊಂದು. ಖಾತೆ ತೆರೆಯುವಾಗ ನಾವು ಓದದೆ 'ಒಪ್ಪಿದ್ದೇನೆ' ಒತ್ತುತ್ತೇವಲ್ಲ, ಆ ಪುಟದ ಮಾತು.

2024ರ ಜುಲೈ ಮೊದಲ ವಾರದಲ್ಲಿ ಆಮ್‌ಸ್ಟರ್‌ಡ್ಯಾಮ್ ಜಿಲ್ಲಾ ನ್ಯಾಯಾಲಯ ಎರಡೂ ವಿಷಯದಲ್ಲಿ ತೀರ್ಪು ಕೊಟ್ಟಿತು, ಎರಡರಲ್ಲೂ ಮೆಕಿಚ್ ಕಡೆಗೆ. ಷರತ್ತಿನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹಣ ಪಡೆದು ಸೇವೆ ಕೊಡುವ ಒಪ್ಪಂದ ಮಾಡಿಕೊಂಡು, ಯಾವಾಗ ಬೇಕಾದರೂ ಕಾರಣ ಹೇಳದೆ ಸೇವೆ ತಗ್ಗಿಸುತ್ತೇನೆ ಎನ್ನುವ ಷರತ್ತು ಗ್ರಾಹಕನ ಪಾಲಿಗೆ ಅನ್ಯಾಯದ್ದು, ಅಂಥ ಏಕಪಕ್ಷೀಯ ಷರತ್ತುಗಳನ್ನು ಯುರೋಪಿನ ಗ್ರಾಹಕ ಕಾನೂನು 1993ರಿಂದಲೇ ತಡೆದಿದೆ ಎಂಬುದು ಅದರ ನಿಲುವು. ಕಾರಣ ಕೊಟ್ಟಿಲ್ಲವಾದ್ದರಿಂದ 17ನೇ ವಿಧಿಯ ಉಲ್ಲಂಘನೆ. ಸಿದ್ಧ ಉತ್ತರಗಳ ಸುತ್ತಲೇ ಸುತ್ತಿಸಿದ್ದರಿಂದ 12ನೇ ವಿಧಿಯ ಉಲ್ಲಂಘನೆ.

ಪರಿಹಾರವಾಗಿ ಸಿಕ್ಕ ಹಣ ಎರಡು ಯೂರೋಗಿಂತ ಕಡಿಮೆ. ಕೊಟ್ಟ ಚಂದಾದಲ್ಲಿ ಸರಿಯಾಗಿ ಸಿಗದ ಸೇವೆಯ ಪಾಲು ಅಷ್ಟು. ಈ ಮೊತ್ತ ನೋಡಿ ಇಷ್ಟಕ್ಕಾಗಿ ಇಷ್ಟೆಲ್ಲ ಬೇಕಿತ್ತೇ ಎನ್ನುವವರಿಗೆ ನಾನು ಹೇಳುವುದು: ಸಣ್ಣ ಮೊತ್ತದ ದಾವೆಯಲ್ಲಿ ಗೆದ್ದದ್ದು ಹಣ ಅಲ್ಲ. 'ಯಾವಾಗ ಬೇಕಾದರೂ, ಕಾರಣವಿಲ್ಲದೆ' ಎಂಬ ಮಾತು ನ್ಯಾಯಾಲಯದೊಳಗೆ ನಿಲ್ಲುವುದಿಲ್ಲ ಎನ್ನುವುದು ಬರಹದಲ್ಲಿ ಬಂತು.

ಎರಡನೇ ತೀರ್ಪು ನನ್ನ ಲೆಕ್ಕದಲ್ಲಿ ಇನ್ನೂ ಆಳಕ್ಕೆ ಹೋಗುತ್ತದೆ. ಒಬ್ಬ ಮನುಷ್ಯನ ಮೇಲೆ ಗಣನೀಯ ಪರಿಣಾಮ ಬೀರುವ ತೀರ್ಮಾನವನ್ನು ಪೂರ್ತಿ ಯಂತ್ರಕ್ಕೇ ಬಿಡಕೂಡದು ಎಂದು ಜಿಡಿಪಿಆರ್‌ನ 22ನೇ ವಿಧಿ ಹೇಳುತ್ತದೆ. ಪೋಸ್ಟು ನಾಲ್ಕು ಜನಕ್ಕೆ ಕಡಿಮೆ ಕಂಡರೆ ಅದೇನು ಗಣನೀಯ ಪರಿಣಾಮವೇ? ನ್ಯಾಯಾಲಯ ಹೌದೆಂದಿತು, ಯಾಕೆಂದರೆ ಮೆಕಿಚ್ ಆ ಖಾತೆಯನ್ನು ವೃತ್ತಿಗಾಗಿ ಬಳಸುತ್ತಿದ್ದರು, ಮಕ್ಕಳ ದೌರ್ಜನ್ಯದ ಹೆಸರಿನಲ್ಲಿ ಬಿದ್ದ ಗುರುತು ಹಗುರವಾದದ್ದಲ್ಲ. ಹಾಗಾದ ಮೇಲೆ ಆ ತೀರ್ಮಾನದ ಹಿಂದಿನ ತರ್ಕವನ್ನು ಅವರಿಗೆ ಅರ್ಥವಾಗುವಂತೆ ತಿಳಿಸಬೇಕು. ಇದು ವ್ಯಾಪಾರದ ಗುಟ್ಟು ಎಂಬ ತಕರಾರನ್ನು ನ್ಯಾಯಾಲಯ ಸಾಲದೆಂದಿತು. ಮಾಹಿತಿ ಕೊಡದಿದ್ದರೆ ದಿನದ ಲೆಕ್ಕದಲ್ಲಿ ದಂಡ ಎಂದೂ ಆದೇಶಿಸಿತು.

ಇನ್ನು ನಮ್ಮ ಮನೆಯ ಕಡೆ ನೋಡೋಣ. ಇದೇ ಕಂಪನಿ, ಟ್ವಿಟರ್ ಎಂಬ ಹೆಸರಿನಲ್ಲಿ, 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತ್ತು. ಖಾತೆಗಳನ್ನು, ಟ್ವೀಟ್‌ಗಳನ್ನು ತಡೆಹಿಡಿಯಿರಿ ಎಂದು ಕೇಂದ್ರ ಸರ್ಕಾರ ಕೊಟ್ಟ ಆದೇಶಗಳಲ್ಲಿ 39 ಲಿಂಕುಗಳ ಮಟ್ಟಿಗೆ ಅದು ಪ್ರಶ್ನೆ ಎತ್ತಿತ್ತು. ಅದರ ವಾದದಲ್ಲಿ ಮುಖ್ಯವಾದ ಒಂದು ಎಳೆ: ಬರೆದವನಿಗೆ ನೋಟಿಸ್ ಕೊಡಬೇಕು, ಕಾರಣ ದಾಖಲಿಸಿ ತಿಳಿಸಬೇಕು, ಒಂದು ಟ್ವೀಟ್ ತಪ್ಪಿದ್ದರೆ ಇಡೀ ಖಾತೆಯನ್ನೇ ಮುಚ್ಚುವುದು ಅತಿಯಾಯಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಸುಮಾರು ಒಂದು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದೇ ಕಂಪನಿ, ಬರೆದವನಿಗೆ ಕಾರಣ ಹೇಳದೆ ಮಿತಿ ಹಾಕುವ ಹಕ್ಕು ನಮಗಿದೆ ಎಂದು ವಾದಿಸಿ ಸೋತಿತು. ಮಧ್ಯೆ ಮಾಲೀಕರು ಬದಲಾಗಿದ್ದರು, ಒಂದು ಕಡೆ ಸರ್ಕಾರದ ಆದೇಶ, ಇನ್ನೊಂದು ಕಡೆ ಖಾಸಗಿ ಒಪ್ಪಂದ, ಎರಡೂ ಒಂದೇ ಅಲ್ಲ. ಅದನ್ನೆಲ್ಲ ಒಪ್ಪುತ್ತೇನೆ. ಆದರೂ ಬೆಂಗಳೂರಿನಲ್ಲಿ ಬರೆದವನ ಪರವಾಗಿ ಕೇಳಿದ್ದನ್ನು ತಾನೇ ಬರೆದವನಿಗೆ ಕೊಡಬೇಕಿತ್ತು ಎಂದು ನನ್ನ ಮನಸ್ಸು ಹೇಳುತ್ತದೆ.

ಭಾರತದಲ್ಲಿ ಮೆಕಿಚ್ ಥರದವರಿಗೆ ಏನಿದೆ? 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ, 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ತಾವಾಗಿಯೇ ಪೋಸ್ಟ್ ತೆಗೆದರೆ ಅಥವಾ ತಡೆಹಿಡಿದರೆ ಮೊದಲೇ ಕಾರಣ ತಿಳಿಸಿ ಆಕ್ಷೇಪಿಸಲು ಅವಕಾಶ ಕೊಡಬೇಕು ಎಂದಿದೆ. ತೆಗೆಯುವುದು ಇದೆ, ತಡೆಹಿಡಿಯುವುದು ಇದೆ. ತಗ್ಗಿಸುವುದು ಎಂಬ ಪದ ಇಲ್ಲ. ಮೆಕಿಚ್ ಗೆದ್ದದ್ದೇ ಆ ಮೂರನೇ ಪದದ ಬಲದಿಂದ. ಆದರೆ ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ನೆಲೆಸಿರುವ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ಜಾಲತಾಣದ ಸಹಾಯ ಪುಟದ ಗುಂಡಿಗಳಲ್ಲಿ ಸುತ್ತುವವರಿಗೆ ಈ ಬಾಗಿಲು ಇರುವುದೇ ಗೊತ್ತಿರುವುದಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿಯ ಸಾರಾಂಶ ಕೇಳುವ ಹಕ್ಕಿದೆ. ಯಂತ್ರದ ತೀರ್ಮಾನದ ತರ್ಕ ಕೇಳುವ ಹಕ್ಕು ಅದರಲ್ಲಿ ಬರೆದಿಲ್ಲ.

ನಾನು ಇದನ್ನೆಲ್ಲ ಇಷ್ಟು ಹಚ್ಚಿಕೊಂಡದ್ದಕ್ಕೆ ಒಂದು ಕಾರಣವಿದೆ. ನಾನು ಕೆಲವು ಸಣ್ಣ ಗುಂಪುಗಳ ಪುಟಗಳನ್ನು ನೋಡಿಕೊಳ್ಳುತ್ತೇನೆ. ಅದರಲ್ಲಿ ಒಂದು ಧಾರವಾಡ ಕಡೆಯ ಮಹಿಳಾ ಆರೋಗ್ಯ ಗುಂಪಿನದು. ಸ್ತನ ಕ್ಯಾನ್ಸರ್ ಗಂಟನ್ನು ಮನೆಯಲ್ಲೇ ಮುಟ್ಟಿ ನೋಡಿಕೊಳ್ಳುವುದು ಹೇಗೆಂದು ರೇಖಾಚಿತ್ರ ಬರೆಸಿ ಹಾಕಿದ್ದೆವು, ಅದರ ಕೆಳಗೆ ಮುಂದಿನ ಭಾನುವಾರದ ಉಚಿತ ತಪಾಸಣಾ ಶಿಬಿರದ ವಿವರ. ಎರಡು ದಿನ ಕಳೆದರೂ ಒಂದು ವಿಚಾರಣೆಯ ಕರೆ ಬರಲಿಲ್ಲ. ಗುಂಪಿನ ಹಿರಿಯಕ್ಕ ಫೋನ್ ಮಾಡಿ, "ತಮ್ಮಾ, ನನ್ನ ಫೋನಿನ್ಯಾಗ ಕಾಣಸ್ತದ, ಮಗಳ ಫೋನಿನ್ಯಾಗ ಇಲ್ಲೇ ಇಲ್ಲ ನೋಡು" ಅಂದರು. ಅವರ ಮಗಳು ಆ ಪುಟವನ್ನು ಹಿಂಬಾಲಿಸುತ್ತಿರಲಿಲ್ಲ.

ಆ ಒಂದು ಮಾತಿನಲ್ಲಿ ಪರೀಕ್ಷೆಯ ವಿಧಾನವೆಲ್ಲ ಇತ್ತು. ನಮ್ಮ ಫೋನಿನಲ್ಲಿ ನಾವೇ ನೋಡಿಕೊಂಡರೆ ಯಾವತ್ತೂ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಮ್ಮನ್ನು ಹಿಂಬಾಲಿಸುವವರ ಒಂದು ಫೋನು, ಹಿಂಬಾಲಿಸದವರ ಒಂದು ಫೋನು, ಎರಡೂ ಬೇಕು. ಹೆಸರನ್ನು ಅರ್ಧ ಟೈಪ್ ಮಾಡಿ ನೋಡಬೇಕು, ಪೂರ್ತಿ ಟೈಪ್ ಮಾಡಿ ನೋಡಬೇಕು. ಪೋಸ್ಟಿನ ಒಂದು ವಿಶೇಷ ಪದ ಹಾಕಿ ಹುಡುಕಬೇಕು. ಬೇರೆಯವರ ಪೋಸ್ಟಿನ ಕೆಳಗೆ ಉತ್ತರ ಬರೆದು ಅದು ಎಲ್ಲಿ ಬಂದು ಕೂರುತ್ತದೆ ನೋಡಬೇಕು. ಪ್ರತಿಯೊಂದಕ್ಕೂ ಸ್ಕ್ರೀನ್‌ಶಾಟ್, ತಾರೀಖು ಕಾಣುವ ಹಾಗೆ. ಆಮೇಲೆ ಪೋಸ್ಟನ್ನು ಯಾರು ಎಷ್ಟು ನೋಡಿದರು ಎಂದು ಆ್ಯಪ್ ತೋರಿಸುವ ಇನ್‌ಸೈಟ್ಸ್ ಪುಟ ತೆಗೆದು, ನೋಡಿದವರಲ್ಲಿ ಹಿಂಬಾಲಕರು ಎಷ್ಟು, ಹೊಸಬರು ಎಷ್ಟು ಎಂದು ಬೇರೆ ಮಾಡಿ ನೋಡಬೇಕು. ಎರಡೂ ಒಟ್ಟಿಗೆ ನಿಧಾನವಾಗಿ ಇಳಿದಿದ್ದರೆ ಬಹುಪಾಲು ಅದು ಜನರ ಆಸಕ್ತಿ ಇಳಿದದ್ದು, ನಿರ್ಬಂಧ ಅಲ್ಲ. ಹಿಂಬಾಲಕರ ಸಂಖ್ಯೆ ಹಾಗೇ ಇದ್ದು ಹೊಸಬರು ಒಂದೇ ದಿನದಲ್ಲಿ ಸೊನ್ನೆಗೆ ಬಂದರೆ ಅನುಮಾನಕ್ಕೆ ಜಾಗವಿದೆ. ಅಂಕಿ ನೋಡದೆ ಶ್ಯಾಡೋಬ್ಯಾನ್ ಎಂದು ಕೂಗುವುದರಿಂದ ನಿಜವಾಗಿ ಪೆಟ್ಟು ತಿಂದವರ ಮಾತೂ ಹಗುರವಾಗುತ್ತದೆ.

ಖಾತೆಯ ಒಳಗೂ ಒಂದು ಕಡೆ ನೋಡಬೇಕು. ಇನ್‌ಸ್ಟಾಗ್ರಾಮ್ 2022ರ ಡಿಸೆಂಬರ್‌ನಿಂದ ವೃತ್ತಿಪರ ಖಾತೆಗಳಿಗೆ, ಅವುಗಳ ಪೋಸ್ಟುಗಳು ಹೊಸಬರಿಗೆ ಶಿಫಾರಸಾಗಲು ಅರ್ಹವೋ ಅಲ್ಲವೋ ಎನ್ನುವುದನ್ನು 'ಅಕೌಂಟ್ ಸ್ಟೇಟಸ್'ನಲ್ಲಿ ತೋರಿಸುತ್ತಿದೆ. ಯಾವ ಪೋಸ್ಟಿನಿಂದ ತೊಂದರೆ ಎಂದೂ ಅಲ್ಲಿ ಬರುತ್ತದೆ, ಮರುಪರಿಶೀಲನೆ ಕೇಳುವ ಗುಂಡಿಯೂ ಇದೆ. ಸೆಟ್ಟಿಂಗ್ಸ್‌ನ ಆಳದಲ್ಲಿರುವುದರಿಂದ ಹೆಚ್ಚಿನವರು ಅಲ್ಲಿಗೆ ಹೋಗಿರುವುದಿಲ್ಲ.

ತಪ್ಪಿಸಿಕೊಳ್ಳುವ ಬಗ್ಗೆ ಹೇಳುವುದಾದರೆ, ನಮ್ಮ ಕೈಯಲ್ಲಿರುವುದು ಅರ್ಧ ಮಾತ್ರ. ಒಂದೇ ಕಾಮೆಂಟನ್ನು ಐವತ್ತು ಕಡೆ ಅಂಟಿಸುವುದು, ಒಂದೇ ದಿನ ನೂರಾರು ಜನರನ್ನು ಫಾಲೋ ಮಾಡಿ ಮರುದಿನ ಬಿಡುವುದು, ಲೈಕ್ ಹಾಕಿಸುವ ಆ್ಯಪ್‌ಗೆ ಪಾಸ್‌ವರ್ಡ್ ಕೊಡುವುದು, ಹಿಂಬಾಲಕರನ್ನು ಕೊಳ್ಳುವುದು, ಇವು ಯಂತ್ರದ ಕಣ್ಣಿಗೆ ಸ್ಪ್ಯಾಮ್. ಅದರಲ್ಲಿ ಯಂತ್ರದ ತಪ್ಪೂ ಇಲ್ಲ. ಬೇರೆ ಆ್ಯಪ್‌ನ ಮುದ್ರೆಯಿರುವ ವಿಡಿಯೋಗಳನ್ನು ಹಾಗೇ ತಂದು ಹಾಕಿದರೆ ರೀಲ್ಸ್‌ನಲ್ಲಿ ಕಡಿಮೆ ತೋರಿಸುತ್ತೇವೆ ಎಂದು ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ. ಇದೆಲ್ಲ ನಾವು ತಿದ್ದಿಕೊಳ್ಳಬಹುದಾದದ್ದು. ಉಳಿದರ್ಧ ಮೆಕಿಚ್ ಅವರಿಗೆ ಆದ ಹಾಗೆ, ಸರಿಯಾದ ಮಾತು ತಪ್ಪು ಬುಟ್ಟಿಗೆ ಬೀಳುವುದು. ಅದಕ್ಕೆ ಪದಗಳ ನಡುವೆ ಚುಕ್ಕಿ ಇಟ್ಟು, ಅಕ್ಷರಕ್ಕೆ ಬದಲು ಅಂಕಿ ಹಾಕಿ ಬರೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಕೊಡುವುದಿಲ್ಲ. ಕ್ಯಾನ್ಸರ್ ಬಗ್ಗೆ ತಿಳಿದುಕೊಳ್ಳಬೇಕಾದ ಹೆಂಗಸು ಆ ಪದವನ್ನು ಸರಿಯಾಗಿ ಬರೆದೇ ಹುಡುಕುತ್ತಾಳೆ. ಎರಡು ದಿನ ಪೋಸ್ಟ್ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದೆ ಎಂಬ ಮಾತಿಗೂ ಆಧಾರ ಸಿಕ್ಕಿಲ್ಲ. ಇನ್ನು ದುಡ್ಡು ಕೊಟ್ಟರೆ ಬ್ಯಾನ್ ತೆಗೆಸುತ್ತೇವೆ ಎಂದು ಮೆಸೇಜ್ ಮಾಡಿ ಒಟಿಪಿ ಕೇಳುವವರು ಖಾತೆ ಕದಿಯಲು ಬಂದವರು, ಅವರಿಗೆ ಉತ್ತರವನ್ನೇ ಕೊಡಬೇಡಿ.

ದೂರು ಬರೆಯುವಾಗ 'ನನ್ನ ರೀಚ್ ಕಡಿಮೆಯಾಗಿದೆ' ಎಂದಷ್ಟೇ ಬರೆದರೆ ಸಿದ್ಧ ಉತ್ತರ ಬರುತ್ತದೆ. ಮೆಕಿಚ್ ಕೇಳಿದ ಥರ ಕೇಳಬೇಕು: ಇಂಥ ತಾರೀಖಿನಿಂದ ಇಂಥ ಕಡೆ ನನ್ನ ಖಾತೆ ಕಾಣುತ್ತಿಲ್ಲ, ನಿರ್ಬಂಧ ಇದೆಯೇ ಇಲ್ಲವೇ, ಇದ್ದರೆ ಯಾವ ಪೋಸ್ಟಿನಿಂದ, ಯಾವ ನಿಯಮದಡಿ, ಯಂತ್ರದ ತೀರ್ಮಾನವೋ ಮನುಷ್ಯರು ನೋಡಿದ್ದೋ. ನಾವು ಆ ಆರೋಗ್ಯ ಗುಂಪಿನ ಪರವಾಗಿ ಈ ಪ್ರಶ್ನೆಗಳನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಹಿರಿಯಕ್ಕನ ಫೋನಿನದೂ ಅವರ ಮಗಳ ಫೋನಿನದೂ ಚಿತ್ರ ಅಕ್ಕಪಕ್ಕ ಇಟ್ಟು, ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಕಳಿಸಿದೆವು. ಮರುಪರಿಶೀಲನೆಯ ಗುಂಡಿಯನ್ನೂ ಒತ್ತಿದೆವು. ಉತ್ತರ ಎರಡು ಸಾಲಿನದು: ನಿಮ್ಮ ಪೋಸ್ಟ್ ನಮ್ಮ ನಿಯಮ ಮೀರಿಲ್ಲ, ಸರಿಪಡಿಸಲಾಗಿದೆ.

ಅವತ್ತೇ ಸಂಜೆ ಹಿರಿಯಕ್ಕನ ಮಗಳ ಫೋನಿನಲ್ಲಿ ಆ ರೇಖಾಚಿತ್ರ ಕಾಣಿಸಿತು. ಕೆಳಗೆ ಶಿಬಿರದ ಜಾಗ, ಸಮಯ, ಫೋನ್ ನಂಬರ್, ಎಲ್ಲ ಇತ್ತು. ಶಿಬಿರ ಮುಗಿದು ಒಂಬತ್ತು ದಿನ ಆಗಿತ್ತು.